ಬಾಡಿಗೆ ಖೋಲಿಗೆ ಯಾರಾದರೂ ಟೈಲ್ಸ್ ಹಾಕಿಸ್ತಾರಾ?

ಕಂಪ್ಯೂಟರ್ ಹಳೇದು, ಹೊಸ ಗೇಮ್ ಆಡುವ ಆಸೆ, ಕೈಯಲ್ಲಿ ದುಡ್ಡು ಕಮ್ಮಿ. ಏನು ಮಾಡೋದು? ನಮ್ಮ ಡೊಂಬಿವಲಿಯ ಹುಡುಗರು ಈ ಪ್ರಶ್ನೆಯನ್ನು ಆಗಾಗ ನನ್ನ ಹತ್ತಿರ ತರುತ್ತಾರೆ. ಕಂಪ್ಯೂಟರ್ ಬಿಚ್ಚಿ ಜೋಡಿಸುವ ಹುಚ್ಚು ನನಗಿದೆ ಅಂತ ಬಿಲ್ಡಿಂಗಿಗೆಲ್ಲ ಗೊತ್ತು. ಅವರಿಗೆ ಸಿಗುವ ಉತ್ತರಗಳು ಎರಡೇ. ಮನೆಯಲ್ಲಿ "ಆಟಕ್ಕೆಲ್ಲ ದುಡ್ಡು ಯಾಕೆ?" ಅನ್ನುತ್ತಾರೆ. ಅಂಗಡಿಯಲ್ಲಿ "ಇದನ್ನ ಬಿಸಾಕಿ, ಹೊಸದು ತಗೊಳ್ಳಿ, ಇಎಂಐ ಇದೆಯಲ್ಲ" ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಹಳೇ ಕಂಪ್ಯೂಟರಿಗೆ ದುಡ್ಡು ಹಾಕಿ, ಆದರೆ ಮುಂದಿನ ಕಂಪ್ಯೂಟರಿಗೂ ಜತೆಗೆ ಬರುವ ಭಾಗಕ್ಕೆ ಮಾತ್ರ ಹಾಕಿ. ಅಲ್ಲೇ ಉಳಿದುಹೋಗುವ ಭಾಗಕ್ಕೆ ಚಿಲ್ಲರೆ ದುಡ್ಡಿಗಿಂತ ಹೆಚ್ಚು ಬೇಡ.

ಮುಂಬಯಿಗೆ ಬಂದು ಹನ್ನೊಂದು ತಿಂಗಳ ಕರಾರಿನಲ್ಲಿ ಖೋಲಿ ಬದಲಿಸುತ್ತಾ ಬದುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಡಿಗೆ ಖೋಲಿಗೆ ನಾವು ಒಳ್ಳೆಯ ಕಪಾಟು ತಗೊಂಡೆವು, ಫ್ಯಾನು ತಗೊಂಡೆವು, ಮಿಕ್ಸರ್ ತಗೊಂಡೆವು. ಖಾಲಿ ಮಾಡುವ ದಿನ ಎಲ್ಲ ಟೆಂಪೋ ಹತ್ತಿ ನಮ್ಮ ಜತೆ ಬಂದವು. ನೆಲಕ್ಕೆ ಟೈಲ್ಸ್ ಹಾಕಿಸಿದವರು ಯಾರಾದರೂ ಇದ್ದಾರಾ? ಹಳೇ ಕಂಪ್ಯೂಟರೂ ಅಂಥದ್ದೇ ಒಂದು ಬಾಡಿಗೆ ಖೋಲಿ. ಇವತ್ತಲ್ಲ ನಾಳೆ ಬಿಡಬೇಕಾದದ್ದು.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಬಿಲ್ಡಿಂಗಿನಲ್ಲಿ ಉಡುಪಿ ಕಡೆಯ ಒಬ್ಬರಿದ್ದಾರೆ, ಹೋಟೆಲಿನಲ್ಲಿ ಕ್ಯಾಶಿಯರ್. ಅವರ ಮಗ ಕಾಲೇಜಿಗೆ ಹೋಗುತ್ತಾನೆ. 2025ರ ದೀಪಾವಳಿಗೆ ಮುಂಚೆ ಅವನೊಂದು ಅಂಗಡಿಯ ಕೊಟೇಶನ್ ಹಿಡಿದು ಬಂದ. ಹೊಸ ಗೇಮಿಂಗ್ ಪಿಸಿ, 68 ಸಾವಿರ, 18 ಕಂತು. ಅಪ್ಪ ಆಗಲೇ ಅರ್ಧ ಒಪ್ಪಿಬಿಟ್ಟಿದ್ದರು. "ಅವನ ದೋಸ್ತರ ಹತ್ತಿರ ಎಲ್ಲ ಇದೆಯಂತೆ ಮಾರಾಯ್ರೆ, ಇವನೊಬ್ಬನೇ ಆಡದೆ ಕೂತರೆ ನಂಗೇ ಬೇಜಾರು" ಅಂದರು. ಊರಿಗೂ ದುಡ್ಡು ಕಳಿಸಬೇಕು, ಇಲ್ಲಿ ಬಾಡಿಗೆಯೂ ಕಟ್ಟಬೇಕು, ಅದರ ಮೇಲೆ 18 ತಿಂಗಳ ಕಂತು! ಮಗನ ಕಣ್ಣಲ್ಲಿ ಆಸೆ ಎಷ್ಟಿತ್ತೋ ಸಂಕೋಚವೂ ಅಷ್ಟೇ ಇತ್ತು.

ಅವನ ಮಶೀನು 2014ರಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಐ5-4570, ಒಂದೇ ಕಡ್ಡಿ 8 ಜಿಬಿ ಡಿಡಿಆರ್3 ರ್‍ಯಾಮ್, ಹಳೇ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪಾಪದ ಮಶೀನು, ಆದರೆ ಸತ್ತಿರಲಿಲ್ಲ. "ಎಷ್ಟಿದೆ ನಿನ್ನ ಹತ್ತಿರ?" ಅಂದೆ. "ಅಪ್ಪ ಕೊಡೋದೂ ಸೇರಿ 20 ಸಾವಿರ ಅಂಕಲ್" ಅಂದ. ಸಾಕು ಅಂದೆ.

ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಡ. ಗೇಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಯಾವುದು 100 ಮುಟ್ಟಿ ಕೂತಿದೆ ನೋಡಿ. ಪ್ರೊಸೆಸರಾ, ಮೆಮೊರಿಯಾ, ಡಿಸ್ಕಾ, ಗ್ರಾಫಿಕ್ಸಾ? ಯಾವುದು ತಡೆಯುತ್ತಿದೆ ಅಂತ ಗೊತ್ತಾಗದೆ ಪೇಟೆಗೆ ಹೋಗುವುದು ಎಲ್ಲಿ ನೋವು ಅಂತ ಹೇಳದೆ ಔಷಧಿ ಕೇಳಿದ ಹಾಗೆ. ಆಮೇಲೆ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆಯಿರಿ, ಪ್ರೊಸೆಸರಿನ ಮೇಲೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಬಿಸಿಯಾದ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಎಷ್ಟೋ "ಸ್ಲೋ" ಮಶೀನುಗಳ ರೋಗ ಅಷ್ಟೇ.

ಈಗ ಟೆಂಪೋ ಹತ್ತುವ ಸಾಮಾನುಗಳ ಪಟ್ಟಿ.

ಒಂದು, ಎಸ್‌ಎಂಪಿಎಸ್. ಯಾರ ಕಣ್ಣಿಗೂ ಬೀಳದ ಡಬ್ಬಿ, ಹಾಗಾಗಿ ಎಲ್ಲರೂ ಉಳಿಸುವುದು ಇದರಲ್ಲೇ. ಕ್ಯಾಬಿನೆಟ್ ಜತೆ ಪುಕ್ಕಟೆ ಬಂದದ್ದರ ಮೇಲೆ 500 ವಾಟ್ ಅಂತ ಬರೆದಿದ್ದರೆ ನಂಬಬೇಡಿ, ಪಕ್ಕದ ಲೇಬಲಿನಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ. 80 ಪ್ಲಸ್ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಲೆಕ್ಕ, ಗಟ್ಟಿತನದ ಗ್ಯಾರಂಟಿ ಅಲ್ಲ. ಒಳ್ಳೆಯ ಕಂಪನಿಯ 450ರಿಂದ 550 ವಾಟಿನದ್ದು ಹೊಸದನ್ನೇ ತಗೊಳ್ಳಿ. ಕಳಪೆ ಎಸ್‌ಎಂಪಿಎಸ್ ಸಾಯುವಾಗ ಕೆಲವೊಮ್ಮೆ ಬೋರ್ಡನ್ನೂ ಕಾರ್ಡನ್ನೂ ಜತೆಗೆ ಕರೆದುಕೊಂಡು ಹೋಗುತ್ತದೆ. ಒಂದು ಎಚ್ಚರಿಕೆ: ಕೆಲವು ಬ್ರ್ಯಾಂಡೆಡ್ ಆಫೀಸ್ ಮಶೀನುಗಳ ಕನೆಕ್ಟರೇ ಬೇರೆ, ಮಾಮೂಲಿ ಎಸ್‌ಎಂಪಿಎಸ್ ಅದಕ್ಕೆ ಕೂರುವುದಿಲ್ಲ. ಬಿಚ್ಚಿ ನೋಡಿದ ಮೇಲೆಯೇ ದುಡ್ಡು ಬಿಚ್ಚಿ.

ಎರಡು, ಎಸ್‌ಎಸ್‌ಡಿ. ಇದರಿಂದ ಗೇಮಿನ ಫ್ರೇಮ್ ಹೆಚ್ಚುವುದಿಲ್ಲ, ಯಾರಾದರೂ ಹಾಗಂದರೆ ನಗಿ. ಆದರೆ ಮಶೀನು ಆನ್ ಆಗುವುದಕ್ಕೂ ಗೇಮ್ ಲೋಡ್ ಆಗುವುದಕ್ಕೂ ಕಾಯುವುದು ತಪ್ಪುತ್ತದೆ. ಆ ಕಾಲದ ಬಹುತೇಕ ಬೋರ್ಡುಗಳಲ್ಲಿ ಎಂ.2 ಜಾಗ ಇಲ್ಲ, ಆದ್ದರಿಂದ ಸಾಟಾ ಎಸ್‌ಎಸ್‌ಡಿಯೇ ಸರಿ.

ಮೂರು, ಗ್ರಾಫಿಕ್ಸ್ ಕಾರ್ಡ್. ಫ್ರೇಮ್ ತರುವುದು ಇದೇ, ಅರ್ಧ ದುಡ್ಡು ಇದಕ್ಕೇ ಹೋಗಲಿ. ನಾನು ಸೆಕೆಂಡ್ ಹ್ಯಾಂಡ್ ಪರ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್‌ನ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಕಾರ್ಡುಗಳು ಪೇಟೆಗೆ ಬಂದವು. ಅದರಲ್ಲಿ ಒಳ್ಳೆಯದೂ ಇವೆ, ಹಗಲೂ ರಾತ್ರಿ ದುಡಿದು ಸುಸ್ತಾದದ್ದೂ ಇವೆ. ಎನ್‌ವಿಡಿಯಾ ತನ್ನ ಜಿಟಿಎಕ್ಸ್ 900 ಮತ್ತು 1000 ಸರಣಿಗಳಿಗೆ ಗೇಮ್ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ಮುಗಿಸಿತು. ಹಾಗಾಗಿ ಅಗ್ಗ ಅಂತ ಜಿಟಿಎಕ್ಸ್ 1060ಕ್ಕೆ ಬೀಳಬೇಡಿ. 2019ರ ಜಿಟಿಎಕ್ಸ್ 1660 ಸೂಪರ್ ಸಿಕ್ಕರೆ ಒಳ್ಳೆಯದು, 6 ಜಿಬಿ ಮೆಮೊರಿ, 125 ವಾಟ್. ಎಸ್‌ಎಂಪಿಎಸ್ ಬದಲಿಸುವ ಶಕ್ತಿಯೇ ಇಲ್ಲದಿದ್ದರೆ ಜಿಟಿಎಕ್ಸ್ 1650. 75 ವಾಟಿನದ್ದು, ಹಲವು ಮಾಡೆಲುಗಳಿಗೆ ಬೇರೆ ಪವರ್ ಕೇಬಲ್ಲೇ ಬೇಡ.

ಹೊಸದೆಲ್ಲ ಒಳ್ಳೆಯದಲ್ಲ ಅನ್ನುವುದಕ್ಕೆ ಒಂದು ಸಾಕ್ಷಿ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಬೋರ್ಡಿನ ಜತೆ ಮಾತಾಡುವುದು ನಾಲ್ಕೇ ಲೇನಿನಲ್ಲಿ. ಪಿಸಿಐಇ 4 ಇರುವ ಹೊಸ ಬೋರ್ಡಿನಲ್ಲಿ ಅದು ನಡೆದೀತು. ನಮ್ಮ ಹಳೇ ಬೋರ್ಡಿನ ಪಿಸಿಐಇ 2 ಅಥವಾ 3ರಲ್ಲಿ ಆ ದಾರಿ ಇನ್ನೂ ಕಿರಿದಾಗಿ ಕಾರ್ಡು ಏದುಸಿರು ಬಿಡುತ್ತದೆ.

ಇನ್ನು ಟೈಲ್ಸ್. ಡಿಡಿಆರ್3 ರ್‍ಯಾಮ್ ಮುಂದಿನ ಮಶೀನಿಗೆ ಬರುವುದಿಲ್ಲ. ಆದರೂ ಒಂದೇ ಕಡ್ಡಿ ಇದ್ದರೆ ಅಷ್ಟೇ ಜಿಬಿಯ ಇನ್ನೊಂದು ಹಳೇ ಕಡ್ಡಿ ಹಾಕಿ, ಜೋಡಿಯಾಗಿ ಕೆಲಸ ಮಾಡಿದರೆ ಗೇಮಿನ ತಡವರಿಕೆ ಕಮ್ಮಿಯಾಗುತ್ತದೆ. ಐ5 ತೆಗೆದು ಅದೇ ಸಾಕೆಟಿಗೆ ಕೂರುವ ಐ7-4770 ಹಾಕಬಹುದು, ನಾಲ್ಕು ಥ್ರೆಡ್ ಇದ್ದದ್ದು ಎಂಟಾಗುತ್ತದೆ. ಆದರೆ ಅದು ಕೊನೆಗೆ, ಟಾಸ್ಕ್ ಮ್ಯಾನೇಜರ್ ಪ್ರೊಸೆಸರನ್ನೇ ತೋರಿಸಿದರೆ ಮಾತ್ರ. ಹಳೇ ಸಾಕೆಟಿನ ಹೊಸ ಮದರ್‌ಬೋರ್ಡಿಗೆ ಮಾತ್ರ ಒಂದು ರೂಪಾಯಿಯೂ ಬೇಡ.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದರೆ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ, ಬಾಯಲ್ಲಿ ಮಾತ್ರ ಲ್ಯಾಮಿಂಗ್ಟನ್ನೇ. ಆ ಹುಡುಗನ ಜತೆ ಒಂದು ಶನಿವಾರ ಹೋದೆ. ಒಬ್ಬ ಅಂಗಡಿಯವ ಆರ್‌ಎಕ್ಸ್ 580 ಅಂತ ಒಂದು ಕಾರ್ಡ್ ತೋರಿಸಿದ, ರೇಟೂ ಚೆನ್ನಾಗಿತ್ತು. ಹುಡುಗ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದ. 2048ಎಸ್‌ಪಿ! ಅಸಲಿ 580ರಲ್ಲಿ 2304 ಸ್ಟ್ರೀಮ್ ಪ್ರೊಸೆಸರ್ ಇರುತ್ತವೆ. ಹೆಸರು ಒಂದೇ, ಸಾಮಾನು ಬೇರೆ. "ಭೈಯಾ, ಯೇ ತೋ 570 ಹೈ" ಅಂದ. ಅಂಗಡಿಯವ ನಕ್ಕು ಡಬ್ಬಿ ಒಳಗಿಟ್ಟ. ಕೊನೆಗೆ ಇನ್ನೊಂದು ಅಂಗಡಿಯಲ್ಲಿ 1660 ಸೂಪರನ್ನು ಅರ್ಧ ಗಂಟೆ ಎದುರಿಗೇ ಓಡಿಸಿ, ಬಿಸಿ ಎಷ್ಟು ಏರುತ್ತದೆ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು ತಂದೆವು. ನೀವೂ ಹೀಗೇ ಮಾಡಿ. ಓಡಿಸಿ ತೋರಿಸದ ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಬೇಡ.

"ಇಷ್ಟೆಲ್ಲ ಮಾಡಿದರೂ ಹಳೇದು ಹಳೇದೇ ಅಲ್ವಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಿಂದಿನದನ್ನು ಒಪ್ಪುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಆಡಲು ಟಿಪಿಎಂ 2.0 ಬೇಕೇ ಬೇಕು. ಅದಕ್ಕೇ ನಾನು ಇದನ್ನು ಬಾಡಿಗೆ ಖೋಲಿ ಅಂದದ್ದು. ಆ ಮಶೀನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡ ಅಂತ ಹುಡುಗನಿಗೂ ಹೇಳಿದ್ದೇನೆ. ಮೂರನೇ ಪೀಳಿಗೆ ಅಥವಾ ಅದಕ್ಕೂ ಹಿಂದಿನದಾದರೆ ಕಾರ್ಡಿಗೂ ದುಡ್ಡು ಹಾಕಬೇಡಿ ಅನ್ನುತ್ತೇನೆ, ಎವಿಎಕ್ಸ್2 ಇಲ್ಲದ ಪ್ರೊಸೆಸರಿನಲ್ಲಿ ಕೆಲವು ಹೊಸ ಗೇಮುಗಳು ತೆರೆಯುವುದೇ ಇಲ್ಲ.

ಆದರೆ ಹೊಸ ಮನೆಗೆ ಹೋಗುವ ಕಾಲವನ್ನು ನಾವು ತೀರ್ಮಾನಿಸಬೇಕು, ಅಂಗಡಿಯವನಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಹೇಗೆ ಏರಿತು ನೋಡಿದಿರಲ್ಲ. ಅಂಥ ಹೊತ್ತಿನಲ್ಲಿ ಕಾಯುವ ಶಕ್ತಿ ಇದ್ದವನೇ ಶ್ರೀಮಂತ. ಮುಂದೆ ಅವನು ಬೋರ್ಡು, ಪ್ರೊಸೆಸರ್, ರ್‍ಯಾಮ್ ಮೂರನ್ನೇ ಕೊಂಡರೆ ಸಾಕು. ಮಿಕ್ಕದ್ದು ಟೆಂಪೋದಲ್ಲಿ ಬರುತ್ತದೆ.

ಮನೆಯವರಿಗೂ ಒಂದು ಮಾತು. ಆಟಕ್ಕೆ ದುಡ್ಡು ಹಾಕುವುದು ಪಾಪವಲ್ಲ, ಸಾಲ ಮಾಡಿ ಹಾಕಬೇಡಿ ಅಷ್ಟೇ. ಅಪ್ಪನ ಸಂಬಳ ಎಷ್ಟು, ಒಂದೊಂದು ಭಾಗ ಎಷ್ಟು, ಯಾವುದು ಇವತ್ತು ಬೇಕು, ಯಾವುದು ನಾಳೆಗೆ ಆದೀತು ಅಂತ ಕಾಗದದ ಮೇಲೆ ಬರೆದು ಕೂಡಿಸಿದ ಹುಡುಗ ಕಲಿತದ್ದು ಗೇಮ್ ಮಾತ್ರ ಅಲ್ಲ. ಎಲ್ಲ ಮುಗಿದ ಮೇಲೆ ಉಳಿದ ಸಾವಿರ ಚಿಲ್ಲರೆ ದುಡ್ಡನ್ನು ಅವನು ಅಪ್ಪನಿಗೆ ವಾಪಸ್ ಕೊಟ್ಟನಂತೆ. 68 ಸಾವಿರದ ಪಿಸಿಯಲ್ಲಿ ಆ ಪಾರ್ಟ್ ಬರ್ತಿತ್ತಾ? ನೀವೇ ಹೇಳಿ.