ಸೈಕಲ್ಲು ಕೊಳ್ಳುವ ಮುನ್ನ



ಕಾಕತಿಯ ನಮ್ಮ ದವಾಖಾನೆಗೆ ಬರುವ ಮಧುಮೇಹಿಗಳಿಗೂ ಸ್ಥೂಲಕಾಯದವರಿಗೂ ನಾವು ಅನೇಕ ವರ್ಷಗಳಿಂದ ಒಂದೇ ಮಾತನ್ನು ಹೇಳುತ್ತ ಬಂದಿದ್ದೆವು: "ದಿನಾಲು ಅರ್ಧ ತಾಸು ಸೈಕಲ್ಲು ತುಳಿಯಿರಿ." ಕಳೆದ ವರ್ಷ 52 ವಯಸ್ಸಿನ ರೈತರೊಬ್ಬರು ಈ ಮಾತನ್ನು ಶ್ರದ್ಧೆಯಿಂದ ಪಾಲಿಸಲು ಹೊರಟರು. ಮಗನ ಆಯ್ಕೆಯಂತೆ, ಕಂತಿನ ಸಾಲದ ಮೇಲೆ, ಕೆಳಕ್ಕೆ ಬಾಗಿದ ಹ್ಯಾಂಡಲ್ಲು ಹಾಗೂ ಹೆಬ್ಬೆರಳಿನಷ್ಟೇ ಅಗಲದ ಟಯರುಗಳುಳ್ಳ ರೋಡ್ ಬೈಕೊಂದನ್ನು ಕೊಂಡು ತಂದರು. ಮೂರು ವಾರಗಳಲ್ಲಿ ಅವರ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿದವು; ಕುತ್ತಿಗೆ ಬಿಗಿಯಿತು. ಸೈಕಲ್ಲು ಗೋಡೆಯ ಗೂಟಕ್ಕೆ ಏರಿತು, ರಕ್ತದ ಸಕ್ಕರೆಯೂ ಏರಿತು. "ನೀವು ಹೇಳಿದ್ರಿ ಅಂತ ತಗೊಂಡೇನ್ರಿ ಡಾಕ್ಟರ್ರ. ಇನ್ನೂ ಒಂಬತ್ತು ಕಂತು ಅದಾವ್ರಿ" ಎಂದು ಅವರು ನುಡಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ತಪ್ಪು ನಮ್ಮದೇ. ಔಷಧದ ಹೆಸರನ್ನು ಬರೆದು ಅದರ ಪ್ರಮಾಣ, ಕಾಲ, ಅನುಪಾನಗಳನ್ನು ಬರೆಯದ ವೈದ್ಯನಂತೆ ನಾವು ನಡೆದುಕೊಂಡಿದ್ದೆವು. ಯಾವ ಸೈಕಲ್ಲು, ಯಾವ ಅಳತೆಯದು, ಯಾವ ರಸ್ತೆಯಲ್ಲಿ ತುಳಿಯತಕ್ಕದ್ದು ಎಂದು ಹೇಳದೆ ಬರಿದೆ 'ತುಳಿಯಿರಿ' ಎಂದರೆ ಅದು ಚಿಕಿತ್ಸೆಯಾಗದು. ಆದುದರಿಂದ ಈ ಲೇಖನದಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಹೊಸಬರು ಸೈಕಲ್ಲನ್ನು ಅದರ ಅಂದದಿಂದಾಗಲಿ ಬೆಲೆಯಿಂದಾಗಲಿ ಆರಿಸಬಾರದು. ತಮ್ಮ ದೇಹ ಮತ್ತು ತಾವು ಸಾಗುವ ರಸ್ತೆ, ಇವೆರಡರಿಂದಲೇ ಆರಿಸಬೇಕು. ಉಳಿದ ಹಣವನ್ನು ತಲೆಯ ರಕ್ಷಣೆಗೂ ದೀಪಕ್ಕೂ ವ್ಯಯಿಸಬೇಕು.

ಮೊದಲು ರಸ್ತೆಯ ವಿಚಾರ. ಕಾಕತಿಯಿಂದ ಬೆಳಗಾವಿಗೆ ಹೋಗುವವರಿಗೆ 48ನೆಯ ರಾಷ್ಟ್ರೀಯ ಹೆದ್ದಾರಿಯೂ ಅದರ ಪಕ್ಕದ ಸರ್ವಿಸ್ ರಸ್ತೆಯೂ ಇವೆ. ಊರೊಳಗೆ ಡಾಂಬರು ಕಿತ್ತ ಓಣಿಗಳು, ಹೊಲದ ಕಡೆಗೆ ಮಣ್ಣುದಾರಿಗಳು. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಟ್ರೇಲರುಗಳು ಸಾಲುಗಟ್ಟುತ್ತವೆ. ಖಾನಾಪುರದ ಕಡೆಗೆ ಸಾಗಿದರೆ ಏರಿಳಿತಗಳು, ಮಳೆಗಾಲದಲ್ಲಿ ಸಹ್ಯಾದ್ರಿಯ ಸೆರಗಿನ ಧಾರಾಕಾರ ಮಳೆ. ಇಂತಹ ದಾರಿಯಲ್ಲಿ 25 ಮಿಲಿಮೀಟರಿನ ಸಪೂರ ಟಯರು ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ ಒಡೆಯುತ್ತದೆ. ಏಟು ಜೋರಾದರೆ ರಿಮ್ಮೇ ಸೊಟ್ಟಗಾಗುತ್ತದೆ. ಆ ಹೊಡೆತವು ಮಣಿಕಟ್ಟಿಗೂ ಬೆನ್ನುಮೂಳೆಗೂ ತಲುಪುತ್ತದೆ.

ಅಂಗಡಿಗಳಲ್ಲಿ ಗೇರಿನ ಸೈಕಲ್ಲುಗಳು ಸ್ಥೂಲವಾಗಿ ಮೂರು ಬಗೆಯವು. ಬಾಗಿದ ಹ್ಯಾಂಡಲ್ಲಿನ, ಸಪೂರ ಟಯರಿನ, ಹಗುರವಾದ ರೋಡ್ ಬೈಕು ಒಂದು. ದಪ್ಪ ಟಯರು, ಮುಂದೆ ಶಾಕ್ ಅಬ್ಸಾರ್ಬರುಳ್ಳ ಗುಡ್ಡಗಾಡಿನ ಸೈಕಲ್ಲು ಮತ್ತೊಂದು. ನೇರವಾದ ಹ್ಯಾಂಡಲ್ಲು, 35ರಿಂದ 40 ಮಿಲಿಮೀಟರಿನ ಟಯರುಗಳಿರುವ 'ಹೈಬ್ರಿಡ್' ಎಂಬುದು ಮೂರನೆಯದು. 40 ದಾಟಿದ ಹೊಸಬರಿಗೆ ನಾವು ಈ ಮೂರನೆಯದನ್ನೇ ಹೇಳುತ್ತೇವೆ. ಬೆನ್ನು ಅತಿಯಾಗಿ ಬಾಗುವುದಿಲ್ಲ. ಬ್ರೇಕು ಸದಾ ಬೆರಳಿನಡಿಯಲ್ಲಿರುತ್ತದೆ. ಡಾಂಬರಿನಲ್ಲಿಯೂ ಮಣ್ಣಿನಲ್ಲಿಯೂ ಸಾಗುತ್ತದೆ. ಇಂದಿನ ಪೇಟೆಯಲ್ಲಿ ಸುಮಾರು 12ರಿಂದ 15 ಸಾವಿರ ರೂಪಾಯಿಗಳೊಳಗೆ ಇಂತಹದು ದೊರೆಯುತ್ತದೆ. ಒಳ್ಳೆಯ ರೋಡ್ ಬೈಕಿಗೆ 25 ಸಾವಿರಕ್ಕೂ ಹೆಚ್ಚು ತೆರಬೇಕಾಗುತ್ತದೆ. 2025ರ ಸೆಪ್ಟೆಂಬರಿನಿಂದ ಸೈಕಲ್ಲಿನ ಮೇಲಣ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳಿದಿದೆ ಎಂಬುದನ್ನೂ ಕೊಳ್ಳುವವರು ನೆನಪಿನಲ್ಲಿಡಬೇಕು. ಹಿಂದೆ 7 ಅಥವಾ 8 ಗೇರುಗಳಿದ್ದರೆ ನಮ್ಮ ಏರುಗಳಿಗೆ ಸಾಕು. '21 ಗೇರು' ಎಂಬ ದೊಡ್ಡ ಅಕ್ಷರಗಳಿಗೆ ಮರುಳಾಗಬೇಕಿಲ್ಲ. ಅಗ್ಗದ ಸೈಕಲ್ಲುಗಳ ಹಿಂದೆ ಮುಂದೆ ಜೋಡಿಸಿದ ಶಾಕ್ ಅಬ್ಸಾರ್ಬರುಗಳು ಭಾರವನ್ನು ಹೆಚ್ಚಿಸಿ ತುಳಿತದ ಬಲವನ್ನು ನುಂಗುತ್ತವೆಯೇ ಹೊರತು ಹೆಚ್ಚಿನ ಉಪಕಾರ ಮಾಡುವುದಿಲ್ಲ.

ರೋಡ್ ಬೈಕು ಕೆಟ್ಟದೆಂದು ನಾವು ಹೇಳುತ್ತಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತ ಮನೆತನದ ಮಕ್ಕಳು ಅದರ ಮೇಲೆಯೇ ಬೆವರು ಸುರಿಸಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ದೂರ ಸಾಗಬೇಕು, ವೇಗ ಬೇಕು ಎನ್ನುವ ತರುಣರು ಕೊಳ್ಳಲಿ. ಆದರೆ 28ರಿಂದ 32 ಮಿಲಿಮೀಟರಿನ ಟಯರು ಕೂಡುವ ಫ್ರೇಮನ್ನೇ ಕೇಳಿ ಪಡೆಯಲಿ. ಹ್ಯಾಂಡಲ್ಲಿನ ಮೇಲ್ಭಾಗವನ್ನು ಹಿಡಿದಾಗಲೂ ಮೊಣಕೈ ತುಸು ಮಡಚಿರುವಂತಿದೆಯೇ ಎಂದು ನೋಡಲಿ. ಸರಳ ಸೈಕಲ್ಲಿನ ಮೇಲೆ ಒಂದು ವರ್ಷ ತುಳಿದ ದೇಹವು ರೋಡ್ ಬೈಕನ್ನು ಸುಖವಾಗಿ ತಾಳುತ್ತದೆ.

ಅಳತೆಯ ವಿಷಯದಲ್ಲಿ ಅಂಗಡಿಯವರ ಮಾತಷ್ಟೇ ಸಾಲದು. ಸೈಕಲ್ಲಿನ ನಡುದಂಡದ ಮೇಲೆ ಕಾಲಗಲಿಸಿ ನಿಂತಾಗ ದಂಡಕ್ಕೂ ತೊಡೆಸಂದಿಗೂ ನಡುವೆ ಎರಡು ಮೂರು ಬೆರಳಿನ ಅಂತರವಾದರೂ ಇರಬೇಕು. ಸೀಟಿನ ಮೇಲೆ ಕುಳಿತು ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿಯನ್ನಿಟ್ಟಾಗ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿನಲ್ಲಿ ಸ್ವಲ್ಪ ಮಡಿಕೆ ಉಳಿಯಬೇಕು. ಸೀಟು ತಗ್ಗಾದರೆ ಮೊಣಕಾಲಿನ ಮುಂಭಾಗದಲ್ಲಿಯೂ ಎತ್ತರವಾದರೆ ಹಿಂಭಾಗದಲ್ಲಿಯೂ ನೋವು ಹುಟ್ಟುತ್ತದೆ. ನಮ್ಮ ಆ ರೈತರಿಗೆ ಆದುದು ಇದೇ ಬಗೆಯ ತೊಂದರೆ: ಹ್ಯಾಂಡಲ್ಲು ದೂರವಾಗಿ ದೇಹದ ಭಾರವೆಲ್ಲ ಅಂಗೈಯ ಬುಡದ ಮೇಲೆ ಬಿದ್ದು, ಕಿರುಬೆರಳಿಗೆ ಹೋಗುವ ನರ ಒತ್ತಿತ್ತು. ಮದ್ದಿನಿಂದ ಅದು ಹೋಗುವುದಲ್ಲ. ಅಳತೆ ಸರಿಪಡಿಸಿದರೆ ಹೋಗುತ್ತದೆ.

ಇನ್ನು ಅನುಪಾನದ ಮಾತು. ಔಷಧಕ್ಕೆ ಜೇನು, ತುಪ್ಪಗಳಂತೆ ಸೈಕಲ್ಲಿಗೂ ಕೆಲವು ಸಂಗಾತಿಗಳು ಬೇಕು. ಸೈಕಲ್ಲಿಗೆಂದು ಎತ್ತಿಟ್ಟ ಹಣದ ಐದನೆಯ ಒಂದು ಭಾಗವನ್ನು ಇವಕ್ಕೆ ಮೀಸಲಿಡಬೇಕೆಂಬುದು ನಮ್ಮ ಆಗ್ರಹ. 15 ಸಾವಿರವಿದ್ದರೆ 12 ಸಾವಿರದ ಸೈಕಲ್ಲು, 3 ಸಾವಿರದ ರಕ್ಷಣೆ. ಮೊದಲನೆಯದು ಹೆಲ್ಮೆಟ್ಟು. ದೇಶದಾದ್ಯಂತ ಮಾರಾಟವಾಗುವ ವೇಗಾ ಹೆಲ್ಮೆಟ್ಟಿನ ಕಂಪನಿ ಬೆಳಗಾವಿಯದೇ; ಹೆಲ್ಮೆಟ್ಟು ತಯಾರಿಸುವ ಊರಿನಲ್ಲಿ ಬರಿದಲೆಯಿಂದ ಸೈಕಲ್ಲೇರುವುದು ಶೋಭೆಯಲ್ಲ. ಆದರೆ ಮೋಟರ್ ಸೈಕಲ್ಲಿನ ಹೆಲ್ಮೆಟ್ಟು ಭಾರವೂ ಸೆಕೆಯೂ ಆದುದರಿಂದ ಗಾಳಿಕಿಂಡಿಗಳುಳ್ಳ, ಸೈಕಲ್ಲಿಗೆಂದೇ ಮಾಡಿದ ಹಗುರಾದುದನ್ನು ಕೊಳ್ಳಬೇಕು. ಎರಡನೆಯದು ಹಿಂದಿನ ಕೆಂಪು ದೀಪ, ಮುಂದಿನ ಬಿಳಿ ದೀಪ. ಬೆಳಗಿನ ಐದೂವರೆಗೆ ಮಂಜಿನಲ್ಲಿ ಹೊರಟವರನ್ನು ಲಾರಿಯ ಚಾಲಕರು ಕಾಣಲಾರರು. ಹೊಳೆಯುವ ಪಟ್ಟಿಯ ಅಂಗಿಯೊಂದು ಜೀವ ಉಳಿಸಬಲ್ಲದು. ಗಂಟೆ, ಗಾಳಿ ಪಂಪು, ಹೆಚ್ಚಿನ ಟ್ಯೂಬು, ನೀರಿನ ಬಾಟಲಿ ಇಷ್ಟಿದ್ದರೆ ಸಾಕು. ಮೆತ್ತೆಯ ಚಡ್ಡಿ, ಪೆಡಲಿಗೆ ಕಚ್ಚಿಕೊಳ್ಳುವ ಬೂಟುಗಳು ಅರ್ಧ ತಾಸಿನ ಸವಾರಿಗೆ ಬೇಕಿಲ್ಲ. ಧೋತರ ಉಡುವ ಹಿರಿಯರೂ ಸೀರೆ ಉಡುವ ತಾಯಂದಿರೂ ಚೈನನ್ನು ಪೂರ್ತಿ ಮುಚ್ಚುವ ಕವಚವಿರುವ, ನಡುದಂಡ ತಗ್ಗಾಗಿರುವ ಸೈಕಲ್ಲನ್ನು ಆರಿಸಬೇಕು. ಕುದುರೆಯೇರಿದ ರಾಣಿ ಚೆನ್ನಮ್ಮನ ತವರೂರಿನಲ್ಲಿ ತಾಯಂದಿರು ಸೈಕಲ್ಲೇರಲು ನಾಚಬೇಕಿಲ್ಲ.

ಹಣವೇ ಇಲ್ಲದವರು ಏನು ಮಾಡಬೇಕು? 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಕೊಡಲಾರಂಭಿಸಿದ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಲಿನಲ್ಲಿ ತುಕ್ಕು ಹಿಡಿಯುತ್ತಿವೆ. ಬ್ರೇಕಿನ ರಬ್ಬರು, ಟಯರು, ಚೈನುಗಳನ್ನು ಸರಿಪಡಿಸಿಕೊಂಡು ಮೊದಲ ತಿಂಗಳು ಅದನ್ನೇ ತುಳಿಯಿರಿ. ಎತ್ತರದವರು ಸೀಟಿನ ಕೊಳವೆಯನ್ನು ಅದರ ಮೇಲಿರುವ ಗೆರೆಗಿಂತ ಮೇಲಕ್ಕೆ ಎಳೆಯಬಾರದು, ಮುರಿಯುವ ಭಯವಿದೆ. ತಿಂಗಳು ಕಳೆದ ಮೇಲೂ ಉತ್ಸಾಹ ಉಳಿದಿದ್ದರೆ ಹೊಸದನ್ನು ಕೊಳ್ಳಿರಿ. ಸಾಲದ ಸೈಕಲ್ಲಿಗಿಂತ ಹಿತ್ತಲಿನ ಸೈಕಲ್ಲು ಮನಸ್ಸಿಗೆ ಹೆಚ್ಚು ಆರೋಗ್ಯಕರ.

ಕೊನೆಗೆ ಪ್ರಮಾಣ. ವಾಗ್ಭಟರು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾತ್ರ ಮಾಡಬೇಕೆಂದಿದ್ದಾರೆ. ಉಸಿರು ಬಾಯಿಗೆ ಬಂದಾಗ ಅರ್ಧ ಬಲ ಕಳೆಯಿತೆಂದು ಸುಶ್ರುತರು ಗುರುತನ್ನು ಹೇಳಿದ್ದಾರೆ. ಸೈಕಲ್ಲಿನ ಮೇಲೆ ಪಕ್ಕದವರೊಡನೆ ಮಾತನಾಡಲಾಗದಷ್ಟು ಏದುಸಿರು ಬಂದರೆ ಗೇರು ಇಳಿಸಿರಿ ಅಥವಾ ನಿಲ್ಲಿಸಿರಿ. ಮೊದಲ ವಾರ 15 ನಿಮಿಷ, ಬಳಿಕ ವಾರಕ್ಕೆ 5 ನಿಮಿಷದಂತೆ ಏರಿಸಿರಿ. ಚಳಿಗಾಲ, ವಸಂತಗಳಲ್ಲಿ ಹೆಚ್ಚು. ಕಡುಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ಕಡಿಮೆ. ಉಂಡ ಕೂಡಲೇ ಬೇಡ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ನಾಲ್ಕು ಚಮಚದಷ್ಟು ಸಕ್ಕರೆ ಇಟ್ಟುಕೊಳ್ಳಬೇಕು. ಕೈ ನಡುಗಿ ಬೆವರಿದರೆ ಒಡನೆ ಇಳಿದು ತಿನ್ನಬೇಕು. ಎದೆನೋವಿನ ಇತಿಹಾಸವಿರುವವರು ತಮ್ಮ ವೈದ್ಯರನ್ನು ಕೇಳದೆ ಏರಬಾರದು.

ಆ ರೈತರ ರೋಡ್ ಬೈಕು ಈಗ ಅವರ ಮಗನದು; ಅವರ ಮಟ್ಟಿಗೆ ನೆರೆಮನೆಯವರ ಹಳೆಯ ಸೈಕಲ್ಲೇ ಸಾಕಾಗಿದೆ. ಸೀಟನ್ನು ನಮ್ಮ ದವಾಖಾನೆಯ ಅಂಗಳದಲ್ಲಿಯೇ ಅಳತೆ ಮಾಡಿ ಕೂಡಿಸಿದೆವು. ಇದೀಗ ಅವರು ಹಿಂದೆ ಕೆಂಪು ದೀಪ ಕಟ್ಟಿಕೊಂಡು ನಿತ್ಯ ಹೊಲಕ್ಕೆ ಅದರ ಮೇಲೆಯೇ ಹೋಗುತ್ತಾರೆ. ಕಂತುಗಳನ್ನು ಮಾತ್ರ ಕಟ್ಟಲೇಬೇಕಾಯಿತು. ಅಂದಿನಿಂದ ನಮ್ಮ ಚೀಟಿಯಲ್ಲಿ 'ಸೈಕಲ್ಲು' ಎಂದು ಬರೆದ ಕೆಳಗೆ ಸೀಟಿನ ಎತ್ತರ, ಟಯರಿನ ಅಗಲ, ಹೆಲ್ಮೆಟ್ಟು, ದೀಪ ಎಂಬ ನಾಲ್ಕು ಸಾಲುಗಳನ್ನು ತಪ್ಪದೆ ಬರೆಯುತ್ತಿದ್ದೇವೆ. ನಿಮ್ಮ ವೈದ್ಯರು ಅದನ್ನು ಬರೆಯದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿರಿ.