ಹೊರವಲಯದ ಶಾಲೆಯೂ ವಿದ್ಯಾವಂತರ ದೂರೂ

ಬೆಂಗಳೂರಿನ ಹೊರವಲಯಗಳಾದ ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಮೊದಲಾದೆಡೆಗಳ ಸರಕಾರೀ ಪ್ರಾಥಮಿಕ ಪಾಠಶಾಲೆಗಳಲ್ಲಿ ಇಂದು ಹಲವು ನಾಡುಗಳ ಮಕ್ಕಳು ಒಟ್ಟಿಗೆ ಕುಳಿತು ಓದುತ್ತಿದ್ದಾರೆ. ಕಾರ್ಖಾನೆಯ ಕೂಲಿಗೂ ಕಟ್ಟಡದ ಕೆಲಸಕ್ಕೂ ಬಂದ ರಾಯಚೂರು, ಯಾದಗಿರಿ ಸೀಮೆಯವರ ಮಕ್ಕಳೊಡನೆ ತೆಲುಗರು, ತಮಿಳರು, ಉರ್ದು ಮಾತಿನವರು, ಒಡಿಶಾ, ಬಿಹಾರ, ಬಂಗಾಳ, ನೇಪಾಳಗಳಿಂದ ಬಂದವರ ಮಕ್ಕಳೂ ಅಲ್ಲಿದ್ದಾರೆ. ವಿದ್ಯಾವಂತರ ಮನೆಗಳಲ್ಲಿ ಈ ವಿಷಯವಾಗಿ ಕೇಳಿಬರುವ ಮಾತು ಒಂದೇ: ಪರಭಾಷೆಯವರು ತುಂಬಿ ಕನ್ನಡ ಶಾಲೆ ಕೆಟ್ಟಿತು. ಈ ಮಾತು ಆಡಲು ಎಷ್ಟು ಸುಲಭವೋ ಅಷ್ಟೇ ಅನ್ಯಾಯವಾದುದು.

ಶಾಲೆಯನ್ನು ಕೆಡಿಸಿದವರು ಬಂದವರೋ, ಬಿಟ್ಟುಹೋದವರೋ? ಹೀಗೆ ಆಕ್ಷೇಪಿಸುವ ಗೃಹಸ್ಥರ ಮಕ್ಕಳು ಎಲ್ಲಿ ಓದುತ್ತಾರೆಂದು ವಿಚಾರಿಸಿದರೆ ಉತ್ತರ ತಾನಾಗಿ ದೊರೆಯುವುದು. ಬೆಳಗಾದರೆ ಹಳದಿ ಬಸ್ಸು ಬಾಗಿಲಿಗೆ ಬಂದು ಅವರನ್ನು ಇಂಗ್ಲಿಷ್ ಶಾಲೆಗೆ ಕರೆದೊಯ್ಯುತ್ತದೆ. ಮಾಧ್ಯಮವನ್ನು ಆರಿಸಿಕೊಳ್ಳುವ ಹಕ್ಕು ತಂದೆತಾಯಿಗಳದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿದೆ; ಆ ಹಕ್ಕನ್ನು ಯಾರೂ ಕಸಿಯಬೇಕಾಗಿಲ್ಲ. ಆದರೆ ತಾನು ಪಾಳುಬಿಟ್ಟ ಹೊಲವನ್ನು ಉಳುತ್ತಿರುವವನನ್ನು ಬೈಯುವ ಹಕ್ಕು ಯಾವ ನ್ಯಾಯಾಲಯದಿಂದಲೂ ಬಂದುದಲ್ಲ. ರಾಜ್ಯೋತ್ಸವದಲ್ಲಿ ಭಾಷಣ ಮಾಡುವ ತಂದೆಯ ಮಗನು ಒತ್ತಕ್ಷರಗಳಲ್ಲಿ ಎಡವುತ್ತಿರುವಾಗ, ಒಡಿಯಾ ಮನೆಮಾತಿನ ಕೂಲಿಯವನ ಮಗಳು ಅವನ್ನೇ ತಿದ್ದಿ ಕಲಿಯುತ್ತಿದ್ದರೆ, ಕನ್ನಡ ಶಾಲೆಯನ್ನು ಉಳಿಸುತ್ತಿರುವವರು ಯಾರು?

ಮನೆಮಾತು ಬೇರೆಯಾದವರಿಂದ ಕನ್ನಡ ಕೆಡುವುದೆಂಬುದು ನಿಜವಾಗಿದ್ದರೆ ಮರಾಠಿ ಮನೆಮಾತಿನ ಬೇಂದ್ರೆಯವರೂ ತಮಿಳು ಮನೆಮಾತಿನ ಮಾಸ್ತಿಯವರೂ ಕೊಂಕಣಿ ಮನೆಮಾತಿನ ಗೋವಿಂದ ಪೈಗಳೂ ಉರ್ದು ಮನೆಮಾತಿನ ನಿಸಾರ್ ಅಹಮದರೂ ಕನ್ನಡವನ್ನು ಕೆಡಿಸಿದವರೇ ಆಗಬೇಕಾಗಿತ್ತು. ಅವರಿಗೆ ವಿದ್ಯೆಯ ಅನುಕೂಲವಿತ್ತು, ಕೂಲಿಯವರ ಮಕ್ಕಳಿಗೆ ಅದೆಲ್ಲಿಯದು ಎನ್ನಬಹುದು. ಮನೆಯಲ್ಲಿ ಇಲ್ಲದುದನ್ನು ಒದಗಿಸುವುದಕ್ಕೆಂದೇ ಅಲ್ಲವೇ ಶಾಲೆಯಿರುವುದು? ಈ ದೂರಿನ ಹಿಂದಿರುವುದು ಭಾಷಾಭಿಮಾನವೇ ಎಂಬುದೂ ಸಂಶಯಾಸ್ಪದ. "ಹೊಂಟೀನಿ" ಎನ್ನುವ ರಾಯಚೂರಿನ ಮಗುವೂ ಈ ಮಹನೀಯರ ಕಣ್ಣಿಗೆ ಹೊರಗಿನದಾಗಿಯೇ ಕಾಣುತ್ತದೆ. ಅದರ ಮಾತು ಅಚ್ಚ ಕನ್ನಡವಲ್ಲದೆ ಮತ್ತೇನು? ಇವರು ಸಹಿಸಲಾರದುದು ಪರಭಾಷೆಯನ್ನಲ್ಲ, ಬಡತನವನ್ನು.

ವರ್ಷದ ನಡುವೆ ಬಂದು ನಡುವೆಯೇ ಹೋಗುವ ಮಕ್ಕಳಿಗೆ ಏನು ಕಲಿಸುವುದೆಂಬುದು ಇನ್ನೊಂದು ಆಕ್ಷೇಪಣೆ. ಇದರಲ್ಲಿ ಸತ್ಯಾಂಶವುಂಟು, ಆದರೆ ಇದಕ್ಕೆ ಪರಿಹಾರವೂ ಉಂಟು. ವರ್ಗಾವಣೆ ಪತ್ರ ಬರಲು ತಡವಾಯಿತೆಂದು ಪ್ರವೇಶವನ್ನು ತಡೆಯಕೂಡದೆಂದೂ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡ ಮಗುವಿಗೆ ವಿಶೇಷ ಶಿಕ್ಷಣವೀಯಬೇಕೆಂದೂ 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಕರ್ಯವಿರಬೇಕೆಂದು ಸಂವಿಧಾನದ 350-ಎ ವಿಧಿ 1956ರಿಂದಲೂ ಹೇಳುತ್ತಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ–ಕಲಿ ಪದ್ಧತಿಯಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಲಿಯುವರು. ತಡವಾಗಿ ಬಂದ ಮಗುವಿಗೂ ಅಲ್ಲಿ ಎಡೆಯುಂಟು. ಕಾನೂನೂ ಇದೆ, ಪದ್ಧತಿಯೂ ಇದೆ; ಬೇಕಾಗಿರುವುದು ಮಗುವಿನ ಮನೆಮಾತನ್ನು ಹಳಿಯದೆ ಅದನ್ನೇ ಮೆಟ್ಟಿಲು ಮಾಡಿಕೊಂಡು ಕನ್ನಡಕ್ಕೆ ಏರಿಸಬಲ್ಲ ಉಪಾಧ್ಯಾಯರು, ಮತ್ತು ಅಂಥವರನ್ನು ಕೊಡಿರೆಂದು ಸರಕಾರವನ್ನು ಒತ್ತಾಯಿಸುವ ನಾಗರಿಕರು.

ಆ ಒತ್ತಾಯ ವಿದ್ಯಾವಂತರ ಬಾಯಿಂದ ಬರಬೇಕು. ಮಕ್ಕಳನ್ನು ಆ ಶಾಲೆಗೆ ಕಳುಹಿಸಲಾರದವರು ವಾರಕ್ಕೊಂದು ಗಂಟೆಯನ್ನಾದರೂ ಅಲ್ಲಿ ಕಥೆ ಓದಿ ಹೇಳುವುದಕ್ಕೆ ಕೊಡಬಹುದು. ಅದೂ ಆಗದವರು ಮೌನದಿಂದಿರುವುದು ಲೇಸು. ಕನ್ನಡವನ್ನು ಕಲಿಯಬೇಕೆಂದು ಬಾಗಿಲಿಗೆ ಬಂದ ಮಗುವನ್ನು ಪರಕೀಯವೆಂದು ಜರೆದು, ಅದೇ ಬಾಗಿಲಿನಿಂದ ತಮ್ಮ ಮಗುವನ್ನು ಹೊರಗೆ ಕರೆದುಕೊಂಡು ಹೋದವರು ಕನ್ನಡದ ಅಳಿವಿನ ವಿಷಯವಾಗಿ ಕಣ್ಣೀರಿಡುವುದು ಸಲ್ಲದು.