ಬೈಕ್ ರಿಪೇರಿಯ ಋಣ ಯಾರದು?

ಹೈದರಾಬಾದಿನ ಯಾವುದೇ ರಸ್ತೆಯಲ್ಲಿ ಕಾರೊಂದು ತಾಗಿ ಬೈಕು ಉರುಳಿತೆಂದರೆ, ಐದು ನಿಮಿಷದೊಳಗೆ ಅಲ್ಲೊಂದು ಪಂಚಾಯಿತಿ ಸೇರುತ್ತದೆ. ಆಟೋ ಚಾಲಕರು, ಪಾನ್ ಡಬ್ಬಾದವರು, ಹಸಿರು ದೀಪಕ್ಕಾಗಿ ಕಾದು ನಿಂತವರು ಎಲ್ಲರೂ ಪಂಚರೇ. ಬಿದ್ದವನಿಗೆ ಹೆಚ್ಚಿನ ಪೆಟ್ಟಾಗಿಲ್ಲವೆಂದು ಖಚಿತವಾದೊಡನೆ ಮಾತು ಹಣದ ಕಡೆಗೆ ಹೊರಳುತ್ತದೆ. ತೆಲುಗು, ದಖ್ಖನಿಗಳಲ್ಲಿ ನಡೆಯುವ ಈ ವಿಚಾರಣೆಗೆ ಬಹುಪಾಲು ಒಂದೇ ತೀರ್ಪು. ಐನೂರೋ ಸಾವಿರವೋ ಕೈಗೆ ಬೀಳುತ್ತದೆ, ಯಾರೋ ಒಬ್ಬರು "ಜಾನೇ ದೋ ಭಾಯಿ" ಎನ್ನುತ್ತಾರೆ, ಹಿಂದಿನ ವಾಹನಗಳ ಹಾರ್ನ್ ಆ ತೀರ್ಪಿಗೆ ಅಂಕಿತ ಹಾಕುತ್ತದೆ.

ಈ ಪದ್ಧತಿಯನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಪೊಲೀಸ್ ಠಾಣೆಯ ಅಲೆದಾಟ, ಕೋರ್ಟಿನ ವಾಯಿದೆ ಇವುಗಳಿಂದ ಅದು ಜನರನ್ನು ಪಾರುಮಾಡುತ್ತದೆ. ಆದರೆ ಅದರಲ್ಲಿ ಎರಡು ದೊಡ್ಡ ದೋಷಗಳಿವೆ. ಮೊದಲನೆಯದು, ಅಲ್ಲಿ ತೂಗಲ್ಪಡುವುದು ತಪ್ಪಲ್ಲ, ಬಲ. ಕಾರಿನಿಂದ ಇಳಿದವರ ಮಾತಿನ ಗತ್ತು, ಅವರು ಫೋನಿನಲ್ಲಿ ಯಾರನ್ನು ಕರೆಯಬಲ್ಲರು ಎಂಬ ಸೂಚನೆ, ಇವೇ ಸಾಕ್ಷ್ಯಗಳಾಗುತ್ತವೆ. ಇದರ ಮಗ್ಗುಲು ಬದಲಾಗುವುದೂ ಉಂಟು. ಎದುರು ದಿಕ್ಕಿನಿಂದ ನುಗ್ಗಿಬಂದ ಬೈಕಿನವನಿಗೆ ನಾಲ್ವರು ಗೆಳೆಯರು ಜೊತೆಗಿದ್ದರೆ, ದೊಡ್ಡ ಗಾಡಿಯದೇ ತಪ್ಪೆಂದು ನಿರಪರಾಧಿಯಾದ ಕಾರಿನವನು ತೆರಬೇಕಾಗುತ್ತದೆ. ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು: ನಷ್ಟವೆಷ್ಟೆಂದು ತಿಳಿಯುವ ಮೊದಲೇ ಅದರ ಬೆಲೆ ಕಟ್ಟಲಾಗುತ್ತದೆ.

ತಾರ್ನಾಕದ ಬಳಿ ನಾನು ಕಂಡ ಒಂದು ಪ್ರಸಂಗವನ್ನು ಇಲ್ಲಿ ಉದಾಹರಿಸಬಹುದು. ಬೀದರ ಕಡೆಯ ಹುಡುಗನೊಬ್ಬ ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುವ ಕೆಲಸದಲ್ಲಿದ್ದ. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ಈ ನಗರವೇ ರಾಜಧಾನಿಯಾಗಿತ್ತು. ದುಡಿಮೆಗಾಗಿ ಇತ್ತ ಬರುವ ದಾರಿ ಆ ಜಿಲ್ಲೆಗಳ ಜನರಿಗೆ ಇಂದಿಗೂ ಹೊಸದಲ್ಲ. ಹಿಂದಕ್ಕೆ ಸರಿಯುತ್ತಿದ್ದ ಕಾರೊಂದು ಅವನ ಬೈಕನ್ನು ಕೆಡವಿತು. ಕಣ್ಣಿಗೆ ಕಂಡದ್ದು ಒಡೆದ ಹೆಡ್‌ಲೈಟು, ಮುರಿದ ಇಂಡಿಕೇಟರ್. ಸಾವಿರ ರೂಪಾಯಿಗೆ ರಾಜಿಯಾಯಿತು. ಸಂಜೆ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದಾಗ ಮುಂದಿನ ಫೋರ್ಕ್ ಬಾಗಿತ್ತು, ರಿಮ್ ಕೂಡ ಸೊಟ್ಟಗಾಗಿತ್ತು. ಹಳೆಯ ಭಾಗಗಳನ್ನು ಹೊಂದಿಸಿದರೂ ಸಾವಿರದ ಐದಾರು ಪಟ್ಟು ಖರ್ಚು. ಅದಕ್ಕಿಂತ ಕಠಿಣವಾದದ್ದು, ಬೈಕಿಲ್ಲದ ನಾಲ್ಕು ದಿನ ಅವನಿಗೆ ದುಡಿಮೆಯೂ ಇರಲಿಲ್ಲ. "ಆ ಸಾವಿರ ಇಸ್ಕೊಳ್ಳಬಾರದಿತ್ತು ಸರ್, ಈಗ ಕೇಳೋಕೆ ಮುಖ ಇಲ್ಲ" ಎಂದ. ಕೇಳಬೇಕೆಂದರೂ ಕಾರಿನವರ ವಿಳಾಸ ಅವನ ಬಳಿ ಇರಲಿಲ್ಲ.

ಕಾನೂನು ಈ ಪ್ರಶ್ನೆಗೆ ಮೌನವಾಗಿದೆಯೇ? ಇಲ್ಲ. ಅದರ ಉತ್ತರ ಸ್ಪಷ್ಟವಾಗಿಯೇ ಇದೆ: ಯಾರ ಅಜಾಗರೂಕತೆಯಿಂದ ನಷ್ಟವಾಯಿತೋ ಅವರೇ ಭರಿಸಬೇಕು, ಚಾಲಕ ಸಂಬಳದವನಾಗಿದ್ದರೆ ಹೊಣೆ ಮಾಲೀಕನಿಗೂ ತಟ್ಟುತ್ತದೆ, ಇಬ್ಬರ ತಪ್ಪೂ ಇದ್ದರೆ ಹೊಣೆ ಹಂಚಿಹೋಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮು ಮೂರನೆಯ ವ್ಯಕ್ತಿಯ ವಿಮೆಯನ್ನು ಪ್ರತಿ ವಾಹನಕ್ಕೂ ಕಡ್ಡಾಯಗೊಳಿಸಿದೆ. ಈ ವಿಮೆ ಸಾವು ನೋವುಗಳಿಗಷ್ಟೇ ಎಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಪರರ ಆಸ್ತಿಯ ಹಾನಿಯನ್ನೂ ಒಳಗೊಳ್ಳುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಕಾರಿನಿಂದಾದ ಆಸ್ತಿಹಾನಿಗೆ ₹7.5 ಲಕ್ಷದವರೆಗೆ, ದ್ವಿಚಕ್ರ ವಾಹನದಿಂದಾದ ಹಾನಿಗೆ ₹1 ಲಕ್ಷದವರೆಗೆ ರಕ್ಷಣೆಯಿದೆ; ಪ್ರೀಮಿಯಂನಲ್ಲಿ ಅಲ್ಪ ರಿಯಾಯಿತಿ ಪಡೆದವರಿಗೆ ಮಾತ್ರ ಅದು ₹6,000ಕ್ಕೆ ಇಳಿಯುತ್ತದೆ.

ಅಂದರೆ ಆ ಹುಡುಗನ ಫೋರ್ಕಿನ ಬೆಲೆ ಅಪಘಾತಕ್ಕೆ ಮೊದಲೇ ಪಾವತಿಯಾಗಿತ್ತು. ಕಾರಿನ ಮಾಲೀಕರು ವರ್ಷವರ್ಷವೂ ಕಟ್ಟುವ ಪ್ರೀಮಿಯಂನಲ್ಲಿ ಅಪರಿಚಿತನ ಬೈಕಿನ ಪಾಲೂ ಸೇರಿದೆ. ಮೂರನೆಯ ವ್ಯಕ್ತಿಯ ಕ್ಲೇಮಿನಿಂದ ಅವರ ನೋ ಕ್ಲೇಮ್ ಬೋನಸ್ಸಿಗೂ ಕುಂದಿಲ್ಲ, ಏಕೆಂದರೆ ಆ ಬೋನಸ್ಸು ಸ್ವಂತ ವಾಹನದ ಹಾನಿಗೆ ಮಾತ್ರ ಸಂಬಂಧಿಸಿದ್ದು. ಹೀಗಿದ್ದೂ ಹಣ ಬೇಕಾದವನ ಕೈಸೇರದು, ಏಕೆಂದರೆ ದಾರಿ ಅಷ್ಟು ದೂರ. ವಿಮಾ ಕಂಪನಿಗಳು ಸಾಮಾನ್ಯವಾಗಿ ಪೊಲೀಸ್ ದೂರಿನ ಪ್ರತಿ ಕೇಳುತ್ತವೆ. ಆ ಬಳಿಕ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ, ವಕೀಲರು, ವಾಯಿದೆಗಳು. 2022ರ ಏಪ್ರಿಲ್ 1ರಿಂದ ಅರ್ಜಿ ಸಲ್ಲಿಸಲು ಆರು ತಿಂಗಳ ಗಡುವು ಬೇರೆ. ಆರೇಳು ಸಾವಿರದ ರಿಪೇರಿಗಾಗಿ ಯಾರು ಈ ಮೆಟ್ಟಿಲು ಹತ್ತುತ್ತಾರೆ? ಗುದ್ದಿ ಓಡಿದ ವಾಹನದ ಗುರುತೇ ಸಿಗದಿದ್ದರಂತೂ, ಸರ್ಕಾರದ ಯೋಜನೆಯಲ್ಲಿ ಸಾವಿಗೆ ₹2 ಲಕ್ಷ, ತೀವ್ರ ಗಾಯಕ್ಕೆ ₹50,000 ಉಂಟು. ಮುರಿದ ಬೈಕಿಗೆ ಏನೂ ಇಲ್ಲ.

"ಸ್ವಂತ ಹಾನಿಯ ವಿಮೆ ಮಾಡಿಸಿಕೊಂಡರಾಯಿತಲ್ಲ" ಎನ್ನುವವರಿದ್ದಾರೆ. ಹೊಸ ಬೈಕು ಕೊಳ್ಳುವಾಗ ಮೂರನೆಯ ವ್ಯಕ್ತಿಯ ವಿಮೆಯನ್ನು ಐದು ವರ್ಷಕ್ಕೆ ಮಾಡಿಸಬೇಕೆಂಬ ನಿಯಮ, ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಸ್ವಂತ ಹಾನಿಯ ವಿಮೆ ಐಚ್ಛಿಕ. ಇದ್ದರೂ ಲೆಕ್ಕ ನೋಡಿ. ನಾಲ್ಕೂವರೆ ವರ್ಷದ ಬೈಕಿನ ₹9,000 ಬಿಲ್ಲಿನಲ್ಲಿ ಲೋಹದ ಭಾಗ ₹4,000, ಪ್ಲಾಸ್ಟಿಕ್ಕು ₹3,000, ಕೂಲಿ ₹2,000 ಎನ್ನೋಣ. ಸವಕಳಿಯೆಂದು ಲೋಹಕ್ಕೆ ಶೇ. 35, ಪ್ಲಾಸ್ಟಿಕ್ಕಿಗೆ ಶೇ. 50 ಕಡಿತ. ಹೀಗೆ ₹2,900 ಬಿದ್ದವನ ತಲೆಗೇ ಬರುತ್ತದೆ. ಮುಂದಿನ ವರ್ಷದ ಬೋನಸ್ಸು ಹೋಗುತ್ತದೆ. ಕಳೆದ ದುಡಿಮೆಗೆ ಆ ಪಾಲಿಸಿ ಬಿಡಿಗಾಸೂ ಕೊಡದು. ತಪ್ಪು ಮಾಡದವನು ತನ್ನ ಬೋನಸ್ಸನ್ನು ಬಿಟ್ಟು, ತಪ್ಪು ಮಾಡಿದವನನ್ನು ಪಾರುಮಾಡಿದಂತಾಯಿತು.

ಇಲ್ಲಿ ಒಂದು ಪದದ ಬಗೆಗೆ ಹೇಳಬೇಕೆನಿಸುತ್ತದೆ. ಇಂಗ್ಲಿಷಿನ 'ಆಕ್ಸಿಡೆಂಟ್' ಶಬ್ದದ ಲ್ಯಾಟಿನ್ ಮೂಲದಲ್ಲಿರುವುದು 'ಮೇಲೆ ಬೀಳುವುದು', 'ತಾನಾಗಿ ಒದಗುವುದು' ಎಂಬ ಅರ್ಥ. ಅದರಲ್ಲಿ ಕರ್ತೃವಿಲ್ಲ. ನಮ್ಮ 'ಅಪಘಾತ'ದೊಳಗೆ 'ಘಾತ'ವಿದೆ, ಅಂದರೆ ಹೊಡೆತ. ಹೊಡೆತವಿದ್ದ ಮೇಲೆ ಹೊಡೆದವನೂ ಇರಲೇಬೇಕು. ಆದರೂ ರಸ್ತೆಯಲ್ಲಿ ನಾವೆಲ್ಲ ಹೇಳುವುದು "ಆಕ್ಸಿಡೆಂಟ್ ಆಯ್ತು" ಎಂದೇ. 'ಆಯ್ತು' ಎಂದವನಿಗೆ ಋಣದ ನೆನಪು ಬರುವುದಿಲ್ಲ. ಮಳೆ ಬಂದಂತೆ ಅದೂ ಬಂತು, ನೆನೆದವನು ಒರೆಸಿಕೊಳ್ಳಲಿ ಎಂಬ ಭಾವ.

ಪರಿಹಾರಕ್ಕೆ ಹೊಸ ತತ್ತ್ವವೇನೂ ಬೇಕಿಲ್ಲ. 2019ರ ತಿದ್ದುಪಡಿಯು, ಅಪಘಾತದ ಮಾಹಿತಿ ಬಂದೊಡನೆ ವಿಮಾ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಆತ ಮೂವತ್ತು ದಿನಗಳೊಳಗೆ ಪರಿಹಾರದ ಮೊತ್ತವನ್ನು ಮುಂದಿಡಬಹುದು ಎಂದು ಹೇಳಿದೆ. ಆದರೆ ಅದೂ ನ್ಯಾಯಮಂಡಳಿಯ ಮುಂದೆಯೇ ಆಗಬೇಕು. ಯಾರಿಗೂ ಗಾಯವಾಗದೆ ವಾಹನವಷ್ಟೇ ಕೆಟ್ಟಿರುವ, ಇಪ್ಪತ್ತೈದು ಸಾವಿರದೊಳಗಿನ ಪ್ರಕರಣಗಳನ್ನು ಈ ನಿಬಂಧನೆಯಿಂದ ಹೊರಗಿಡಬೇಕೆಂಬುದು ನನ್ನ ವಾದ. ಫೋಟೋ, ಇಬ್ಬರ ಹೇಳಿಕೆ, ಗ್ಯಾರೇಜಿನ ಬಿಲ್ಲು, ಇಷ್ಟರ ಮೇಲೆ ಕಂಪನಿಯೇ ಬಿದ್ದವನಿಗೆ ನೇರವಾಗಿ ಹಣ ಕೊಡಲಿ. ತಕರಾರಿದ್ದರೆ ಮಾತ್ರ ನ್ಯಾಯಮಂಡಳಿ. ಸುಳ್ಳು ಕ್ಲೇಮುಗಳು ಹೆಚ್ಚುತ್ತವೆಂಬ ಆಕ್ಷೇಪವನ್ನು ಬಲ್ಲೆ. ಸ್ವಂತ ಹಾನಿಯ ಕ್ಲೇಮಿನಲ್ಲಿ ಸರ್ವೇಯರ್ ಕಳುಹಿಸಿ ಪರೀಕ್ಷಿಸಬಲ್ಲ ಕಂಪನಿ, ಪರರ ಬೈಕನ್ನು ಪರೀಕ್ಷಿಸಲಾರದೆ?

ಕಾನೂನು ಬದಲಾಗುವವರೆಗೆ ನಾವು ಮಾಡಬಹುದಾದ್ದು ಸ್ವಲ್ಪವಿದೆ. ಬಿದ್ದವರು ಗಾಡಿ ಎತ್ತುವ ಮುನ್ನ ನಂಬರು ಕಾಣುವಂತೆ ಚಿತ್ರ ತೆಗೆಯಲಿ. ವಿಮೆಯ ಅವಧಿ ಎಂಪರಿವಾಹನ್ ಆ್ಯಪಿನಲ್ಲಿ ಕಾಣುತ್ತದೆ. ರಾಜಿಯಾಗುವುದಿದ್ದರೆ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ ಮೇಲೆ ಆಗಲಿ. ಗುದ್ದಿದವರು ನೋಟುಗಳನ್ನು ಎಣಿಸುವ ಬದಲು ತಮ್ಮ ಫೋನ್ ನಂಬರನ್ನೂ ಪಾಲಿಸಿಯ ವಿವರವನ್ನೂ ಕೊಡಲಿ. ವಿಮೆ ಇದೆಯೇ ಎಂದು ಹಾನಿಗೊಳಗಾದವನು ಕೇಳಿದರೆ ತಿಳಿಸಬೇಕಾದ ಕರ್ತವ್ಯವನ್ನು ಈ ಕಾಯ್ದೆಯೇ ವಿಧಿಸಿದೆ. ನೂರಾರು ರೂಪಾಯಿ ಕೊಟ್ಟು ಕೈತೊಳೆದುಕೊಂಡರೆ ಋಣ ತೀರುವುದಿಲ್ಲ. ಕೆಡವಿದ ಗಾಡಿ ಮತ್ತೆ ರಸ್ತೆಗಿಳಿದ ದಿನವೇ ಅದು ತೀರುವುದು.